ಕೇಳುಗನ ದೂರು ಮತ್ತು ನಾದದ ನಿತ್ಯತೆ

ಒಬ್ಬ ಗಾಯಕನನ್ನೋ ಒಂದು ಮೇಳವನ್ನೋ ಹಲವು ದಶಕಗಳ ಕಾಲ ನಿಷ್ಠೆಯಿಂದ ಕೇಳಿಕೊಂಡು ಬಂದ ರಸಿಕನು, ಆ ಹಾಡಿಕೆಯ ರೀತಿ ಬದಲಾಯಿತೆಂದು ಅನ್ನಿಸಿದಾಗ ಆಡುವ ಮಾತು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಗದಗ, ಧಾರವಾಡಗಳ ಸೀಮೆಯಲ್ಲಿ ಅದು 'ಮೊದಲಿನಂಗ ಇಲ್ಲ ಬಿಡ್ರಿ' ಎಂಬಷ್ಟರಲ್ಲಿ ಮುಗಿದುಹೋಗುತ್ತದೆ. ಇದನ್ನು ಬರಿಯ ಅಭಿರುಚಿಯ ಮಾತೆಂದು ಬದಿಗಿಡುವುದು ಸುಲಭವಾದರೂ ಉಚಿತವಲ್ಲ, ಏಕೆಂದರೆ ಈ ಪುಟ್ಟ ದೂರಿನ ಒಡಲಲ್ಲಿ ಭಾರವಾದ ಹಲವು ಪ್ರತಿಜ್ಞೆಗಳು ಅಡಗಿವೆ: ಹಿಂದೆ ಒಂದು ನಿರ್ದಿಷ್ಟ ವಸ್ತು ಇತ್ತು, ಬೇರೆ ಬೇರೆ ರಾತ್ರಿಗಳ ಬೇರೆ ಬೇರೆ ಬೈಠಕ್‌ಗಳಲ್ಲಿ ಅದು ಅದೇ ಆಗಿ ಉಳಿದಿತ್ತು, ಈಗ ಅದು ಇಲ್ಲವಾಗಿದೆ, ಮತ್ತು ಇವೆಲ್ಲವನ್ನೂ ಬಲ್ಲ ಕೇಳುಗನು ಮಾತ್ರ ಅಂದಿನವನೇ ಆಗಿ ಉಳಿದಿದ್ದಾನೆ. ಭಾರತೀಯ ದರ್ಶನಗಳಲ್ಲಿ ಇವುಗಳ ಪೈಕಿ ಒಂದಾದರೂ ತಕರಾರಿಲ್ಲದೆ ಒಪ್ಪಿತವಾದದ್ದಲ್ಲ. ವಸ್ತುಗಳು ಕಾಲದಲ್ಲಿ ಅವೇ ಆಗಿ ಉಳಿಯುತ್ತವೆಯೇ ಎಂಬ ಪ್ರಶ್ನೆಯನ್ನು ಆ ದರ್ಶನಗಳು ಚರ್ಚಿಸುವಾಗ ಮತ್ತೆ ಮತ್ತೆ ಎತ್ತಿಕೊಂಡ ಉದಾಹರಣೆಯೂ ಶಬ್ದವೇ, ಅಂದರೆ ಕಿವಿಗೆ ಬೀಳುವ ಧ್ವನಿಯೇ ಆಗಿದೆ.

ಈ ವಿಚಾರಕ್ಕೆ ಡಂಬಳವನ್ನು ನೆಲೆಯಾಗಿಟ್ಟುಕೊಳ್ಳುವುದಕ್ಕೆ ಕಾರಣವಿದೆ. ಇಂದು ಗದಗ ಜಿಲ್ಲೆಯ ಮುಂಡರಗಿ ತಾಲೂಕಿಗೆ ಸೇರಿದ ಈ ಊರು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಧರ್ಮವೊಳಲು ಎಂಬ ಹೆಸರಿನ ವರ್ತಕರ ಪಟ್ಟಣವಾಗಿತ್ತು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಗೆ ಸೇರಿದ, 1095ರ ಇಲ್ಲಿಯ ಶಾಸನವು ಬೌದ್ಧದೇವತೆ ತಾರೆಯ ಸ್ತುತಿಯೊಂದಿಗೆ ಆರಂಭವಾಗಿ, ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರಕ್ಕೂ ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಇನ್ನೊಂದು ವಿಹಾರಕ್ಕೂ ಸಂದ ದತ್ತಿಯನ್ನು ಹೇಳುತ್ತದೆ. ಅದೇ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವಿದೆ. ಡಂಬಳದಲ್ಲಿಯೇ 12ನೆಯ ಶತಮಾನದ ದೊಡ್ಡಬಸಪ್ಪನ ಗುಡಿಯಿದೆ. ಮುಂದಿನ ಕಾಲದಲ್ಲಿ ವೀರಶೈವರ ತೋಂಟದಾರ್ಯ ಪೀಠವು ಇಲ್ಲಿ ನೆಲೆಗೊಂಡು 'ಡಂಬಳ-ಗದಗ' ಎಂಬ ಜೋಡಿ ಹೆಸರನ್ನು ಇಂದಿಗೂ ಹೊತ್ತಿದೆ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿಯೇ ವಿಜ್ಞಾನೇಶ್ವರನು ಮೀಮಾಂಸೆಯ ತರ್ಕವನ್ನು ಧರ್ಮಶಾಸ್ತ್ರಕ್ಕೆ ಹಚ್ಚಿ 'ಮಿತಾಕ್ಷರಾ'ವನ್ನು ಬರೆದನು. ಹೀಗೆ ನಿತ್ಯತೆಯ ವಾದದಲ್ಲಿ ಪರಸ್ಪರ ಎದುರಾಳಿಗಳಾಗಿದ್ದ ಪರಂಪರೆಗಳೆಲ್ಲ ಒಂದೇ ಅರಸುಮನೆತನದ ಆಶ್ರಯದಲ್ಲಿ ಬಾಳಿದವು. ಆ ಮನೆತನಕ್ಕೆ ಸಂಗೀತವೂ ಹೊರಗಿನ ವಿಷಯವಾಗಿರಲಿಲ್ಲ: ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ದೀರ್ಘವಾದ ಅಧ್ಯಾಯಗಳಿವೆ, ಅವನ ಮಗ ಜಗದೇಕಮಲ್ಲನು 'ಸಂಗೀತಚೂಡಾಮಣಿ'ಯ ಕರ್ತೃ.

ಹಳೆಯ ಕೇಳುಗನ ಪಕ್ಷವನ್ನು ಮೊದಲು ಹಿಡಿಯುವವರು ಮೀಮಾಂಸಕರು. ವೇದವು ಯಾರೂ ರಚಿಸದ್ದು ಮತ್ತು ಶಾಶ್ವತವಾದದ್ದು ಎಂದು ಸ್ಥಾಪಿಸಬೇಕಾದ್ದರಿಂದ, ಶಬ್ದವೇ ನಿತ್ಯವೆಂದು ಅವರು ವಾದಿಸಬೇಕಾಯಿತು. ಒಬ್ಬನು 'ಗೋ' ಎಂಬ ಪದವನ್ನು ಎಂಟು ಸಲ ಉಚ್ಚರಿಸಿದರೆ ಕೇಳಿದವರು 'ಗೋ ಶಬ್ದವನ್ನು ಎಂಟು ಸಲ ಹೇಳಿದನು' ಎನ್ನುತ್ತಾರೆಯೇ ಹೊರತು 'ಎಂಟು ಗೋ ಶಬ್ದಗಳನ್ನು ಹೇಳಿದನು' ಎನ್ನುವುದಿಲ್ಲ ಎಂಬುದು ಶಬರನ ಭಾಷ್ಯದಲ್ಲಿ ಬರುವ ಪ್ರಸಿದ್ಧವಾದ ಯುಕ್ತಿ. ಹಿಂದೆ ಕೇಳಿದ್ದನ್ನು ಈಗ ಕೇಳಿದಾಗ 'ಇದು ಅದೇ' ಎಂದು ಹುಟ್ಟುವ ಗುರುತಿಗೆ ಪ್ರತ್ಯಭಿಜ್ಞೆ ಎಂದು ಹೆಸರು. ಮೀಮಾಂಸಕರ ದೃಷ್ಟಿಯಲ್ಲಿ ಇದು ನೆನಪಿನ ಆಟವಲ್ಲ, ವಸ್ತು ಅದೇ ಆಗಿ ಉಳಿದಿದೆ ಎಂಬುದಕ್ಕೆ ಪ್ರತ್ಯಕ್ಷದಷ್ಟೇ ಬಲವಾದ ಸಾಕ್ಷಿ. ಹಾಗಾದರೆ ಒಂದೇ ಶಬ್ದ ಒಬ್ಬನ ಬಾಯಲ್ಲಿ ದೊಡ್ಡದಾಗಿಯೂ ಇನ್ನೊಬ್ಬನ ಬಾಯಲ್ಲಿ ಕ್ಷೀಣವಾಗಿಯೂ ಕೇಳಿಸುವುದೇಕೆ ಎಂದು ಕೇಳಿದರೆ, ಏರುವುದೂ ಇಳಿಯುವುದೂ ನಾದವೇ ಹೊರತು ಶಬ್ದವಲ್ಲ ಎಂದು ಜೈಮಿನಿಯ ಸೂತ್ರವೇ ಉತ್ತರಿಸುತ್ತದೆ. ಇಲ್ಲಿ ನಾದವೆಂದರೆ ಗಾಳಿಯ ಸಂಯೋಗ-ವಿಭಾಗಗಳು, ಮೊದಲೇ ಇರುವ ಶಬ್ದವನ್ನು ಕಿವಿಗೆ ತೋರಿಸಿಕೊಡುವ ಸಾಧನ ಮಾತ್ರ.

ಈ ಸಿದ್ಧಾಂತವನ್ನು ಗಾಯನಕ್ಕೆ ಹಚ್ಚಿದರೆ ಕೇಳುಗನಿಗೆ ಸಮಾಧಾನವೂ ಸಂಕಟವೂ ಒಟ್ಟಿಗೆ ಬರುತ್ತವೆ. ಭೀಮಪಲಾಸ ರಾಗವು ಒಂದು ಕಂಠದಲ್ಲಿ ಹುಟ್ಟಿ ಆ ಕಂಠದೊಂದಿಗೆ ಸಾಯುವುದಿಲ್ಲ, ಅದು ಎಂದಿನಿಂದಲೋ ಇದೆ, ಗಾಯಕನು ಅದನ್ನು ಪ್ರಕಟಿಸುತ್ತಾನೆ ಎಂಬ ನಂಬಿಕೆ ಸಂಗೀತಗಾರರಲ್ಲಿಯೂ ವ್ಯಾಪಕವಾಗಿದೆ, ಮತ್ತು ಮೀಮಾಂಸಕರ ಮಾತು ಅದಕ್ಕೆ ಆಧಾರವನ್ನೂ ಕೊಡುತ್ತದೆ. ಆದರೆ ರಸಿಕನು ಪ್ರೀತಿಸಿದ್ದು ಭೀಮಪಲಾಸವನ್ನು ಮಾತ್ರವಲ್ಲ, ಅದನ್ನು ಹಾಡಿದ ಆ ಕಂಠದ ಒರಟನ್ನು, ಷಡ್ಜಕ್ಕೆ ಬಂದು ನಿಲ್ಲುವ ಮುನ್ನ ಅದು ಎಳೆಯುತ್ತಿದ್ದ ಆ ಒಂದು ಮೀಂಡನ್ನು. ಮೀಮಾಂಸಕನಿಗೆ ಇವೆಲ್ಲ ಬರಿಯ ನಾದ, ಲೆಕ್ಕಕ್ಕೆ ಬಾರದ ಗಾಳಿ. ನಿತ್ಯತೆಯನ್ನು ಗೆದ್ದುಕೊಡುವ ದರ್ಶನವು, ಯಾವುದಕ್ಕಾಗಿ ಕೇಳುಗನು ಮರುಗುತ್ತಿದ್ದಾನೋ ಅದನ್ನೇ ಕೈಬಿಟ್ಟು ಗೆದ್ದುಕೊಡುತ್ತದೆ.

ಬೌದ್ಧರು ಈ ಗುರುತಿನ ಬುಡಕ್ಕೇ ಕೈಹಾಕುತ್ತಾರೆ. ಇರುವುದೆಲ್ಲ ಕ್ಷಣಿಕವೆಂದು, ಎಂದರೆ ಹುಟ್ಟಿದ ಕ್ಷಣದಾಚೆಗೆ ಯಾವ ವಸ್ತುವೂ ಉಳಿಯುವುದಿಲ್ಲವೆಂದು ಸಾಧಿಸಿದ ಧರ್ಮಕೀರ್ತಿಯ ಪರಂಪರೆಗೆ, 'ಇದು ಅದೇ' ಎಂಬ ಅರಿವು ಒಂದು ಅರಿವೇ ಅಲ್ಲ. 'ಇದು' ಎಂಬುದು ಈಗಿನ ಪ್ರತ್ಯಕ್ಷ, 'ಅದು' ಎಂಬುದು ಹಿಂದಿನ ಸ್ಮೃತಿ, ಇವೆರಡನ್ನೂ ಹೊಲಿದು ಒಂದೆಂದು ಭ್ರಮಿಸುವುದೇ ಪ್ರತ್ಯಭಿಜ್ಞೆ. ಕತ್ತರಿಸಿದ ಕೂದಲು ಮತ್ತೆ ಬೆಳೆದಾಗಲೂ ಜನ ಅದನ್ನು ಅದೇ ಕೂದಲೆನ್ನುತ್ತಾರೆ, ಆದ್ದರಿಂದ ಗುರುತು ಹಿಡಿದ ಮಾತ್ರಕ್ಕೆ ವಸ್ತು ಉಳಿಯಿತೆಂದಾಗದು ಎಂಬುದು ಅವರ ಪ್ರತ್ಯುದಾಹರಣೆ. (ನೈಯಾಯಿಕರು ಇಬ್ಬರ ನಡುವೆ ನಿಂತು, ಶಬ್ದವ್ಯಕ್ತಿ ನಾಶವಾದರೂ ಅದರ ಜಾತಿ ಉಳಿಯುತ್ತದೆ, ವೈದ್ಯನು 'ಅದೇ ಔಷಧ' ಕೊಟ್ಟನೆಂದರೆ ಅದೇ ಬಗೆಯದೆಂದು ಅರ್ಥ ಎನ್ನುತ್ತಾರೆ, ರಾಗದ ವಿಷಯದಲ್ಲಿ ಇದು ಉಪಯುಕ್ತವಾದ ತಿದ್ದುಪಡಿಯಾದರೂ ಒಂದು ಕಂಠದ ವಿಷಯದಲ್ಲಿ ಅಷ್ಟಾಗಿ ಸಲ್ಲದು.) ಬೌದ್ಧರ ಪ್ರಕಾರ ಹಿಂದೆ ಕೇಳಿದ ಗಾಯನವೂ ಎರಡು ರಾತ್ರಿ ಒಂದೇ ಆಗಿರಲಿಲ್ಲ, ಒಂದೇ ಆಗಿದ್ದಂತೆ ತೋರಿದ್ದು ಹೋಲಿಕೆಯ ಬಲದಿಂದ. ಆದುದರಿಂದ ಬದಲಾವಣೆ ಇಂದು ಆರಂಭವಾಯಿತೆನ್ನುವುದಕ್ಕಿಂತ, ಅದು ಕೇಳುಗನ ಕಿವಿಗೆ ನಿಲುಕುವಷ್ಟು ಇಂದು ದೊಡ್ಡದಾಯಿತೆನ್ನುವುದು ಹೆಚ್ಚು ಸರಿ.

ಇಷ್ಟರಿಂದ ಬೌದ್ಧರು ಎಲ್ಲವನ್ನೂ ಚೂರುಚೂರು ಮಾಡಿ ಬಿಟ್ಟರೆಂದು ತಿಳಿಯಬಾರದು. ಕ್ಷಣಗಳು ಬೇರೆ ಬೇರೆಯಾದರೂ ಹಿಂದಿನದು ಕಾರಣವಾಗಿ ಮುಂದಿನದು ಹುಟ್ಟುವುದರಿಂದ ಅವುಗಳಿಗೆ ಒಂದು ಹರಿವು ಇರುತ್ತದೆ. ಅದನ್ನು ಸಂತಾನವೆಂದು ಕರೆಯುತ್ತಾರೆ. ಒಂದೇ ಎನ್ನುವುದಕ್ಕೆ ಅವರಲ್ಲಿ ಉಳಿಯುವ ಅರ್ಥ ಇದೊಂದೇ. ಇದರಿಂದ ಕೇಳುಗನ ಪ್ರಶ್ನೆಯ ರೂಪವೇ ಬದಲಾಗುತ್ತದೆ: ಈಗಿನ ಧ್ವನಿ ಅಂದಿನದೇ ಹೌದೋ ಅಲ್ಲವೋ ಎಂದು ಕೇಳುವ ಬದಲು, ಅಂದಿನದರಿಂದ ಇದು ಹುಟ್ಟಿತೋ ಅಥವಾ ಹೊರಗಿನಿಂದ ತಂದು ಅದರ ಜಾಗದಲ್ಲಿ ಕೂಡಿಸಲಾಯಿತೋ ಎಂದು ಕೇಳಬೇಕಾಗುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಬಹುದು, ಸಾಕ್ಷಿ ಒದಗಿಸಬಹುದು. ಮೊದಲನೆಯದು ಕೊನೆಯಿಲ್ಲದ ಜಗಳವಾಗಿಯೇ ಉಳಿಯುತ್ತದೆ.

ರಸಿಕನ ಮನಸ್ಥಿತಿಗೆ ಎಲ್ಲಕ್ಕಿಂತ ಹತ್ತಿರವಾದ ವಿಶ್ಲೇಷಣೆ ಸಿಗುವುದು ಜೈನರಲ್ಲಿ, ಅದರಲ್ಲಿಯೂ ಸಮಂತಭದ್ರನ 'ಆಪ್ತಮೀಮಾಂಸಾ'ದಲ್ಲಿ. ಪ್ರತಿಯೊಂದು ವಸ್ತುವಿನಲ್ಲಿಯೂ ಹುಟ್ಟು, ನಾಶ, ಸ್ಥಿರತೆ ಮೂರೂ ಏಕಕಾಲದಲ್ಲಿ ಇರುತ್ತವೆ, ರೂಪಗಳು (ಪರ್ಯಾಯಗಳು) ಬಂದು ಹೋಗುತ್ತಿರುವಾಗ ದ್ರವ್ಯವು ನಿಲ್ಲುತ್ತದೆ ಎಂಬುದು ಜೈನರ ಮೂಲಸಿದ್ಧಾಂತ. ಇದನ್ನು ಸಮಂತಭದ್ರನು ನಿರೂಪಿಸುವುದು ವಸ್ತುವಿನ ಕಡೆಯಿಂದಲ್ಲ, ಅದನ್ನು ಬಯಸಿದವರ ಕಡೆಯಿಂದ. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ, ಕೊಡವನ್ನು ಬಯಸಿದ್ದವನು ದುಃಖಿಸುತ್ತಾನೆ, ಕಿರೀಟವನ್ನು ಬಯಸಿದ್ದವನು ಸಂತೋಷಪಡುತ್ತಾನೆ, ಬಂಗಾರವನ್ನು ಬಯಸಿದ್ದವನು ಎರಡೂ ಇಲ್ಲದೆ ಸಮನಾಗಿರುತ್ತಾನೆ. ಮೂವರ ಭಾವಕ್ಕೂ ಕಾರಣವಿದೆ, ಯಾರದ್ದೂ ಭ್ರಮೆಯಲ್ಲ. ಈ ಕೊನೆಯ ಅಂಶವೇ ಮಹತ್ವದ್ದು. ಬದಲಾವಣೆಯನ್ನು ಒಪ್ಪದ ಕೇಳುಗನನ್ನು ಹಳೆಯ ಕಾಲದವನೆಂದು ನಗುವುದು ವಾಡಿಕೆ. ಸಮಂತಭದ್ರನ ನ್ಯಾಯದಲ್ಲಿ ಅವನ ದುಃಖವು ನಿಜವಾಗಿ ನಡೆದ ಒಂದು ನಾಶದ ವರದಿ. ಕೊಡ ಹೋಗಿದೆ. ಹೋಗಿಲ್ಲವೆಂದು, ಎಲ್ಲ ಒಳಗೇ ಇದೆಯೆಂದು ಅವನಿಗೆ ಸಮಾಧಾನ ಹೇಳುವವರು ವಾಸ್ತವವನ್ನು ಮುಚ್ಚಿಡುತ್ತಾರೆ.

ಆದರೆ ಉದಾಹರಣೆಯನ್ನು ಸಂಗೀತಕ್ಕೆ ತರುವಾಗ ಒಂದು ತೊಡಕು ಏಳುತ್ತದೆ. ಬಂಗಾರವನ್ನು ಒರೆಗಲ್ಲಿಗೆ ಹಚ್ಚಿ ನೋಡಬಹುದು, ತೂಗಬಹುದು. ಹಾಡಿಕೆಯಲ್ಲಿ ರೂಪವನ್ನು ಕಳೆದರೆ ಕೈಗೆ ಉಳಿಯುವ ಬಂಗಾರ ಯಾವುದು? ರಾಗವೆನ್ನಬಹುದು, ಘರಾಣೆಯೆನ್ನಬಹುದು (ಗುರುಶಿಷ್ಯರ ಒಂದು ಸಾಲಿನಲ್ಲಿ ಇಳಿದುಬರುವ ಹಾಡಿಕೆಯ ಶಿಸ್ತಿಗೆ ಹಿಂದೂಸ್ತಾನಿ ಸಂಗೀತದಲ್ಲಿ ಆ ಹೆಸರು), ಇಲ್ಲವೆ ಗಾಯಕನ ಮನೋಧರ್ಮವೆನ್ನಬಹುದು. ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ನೋಡಲು ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬ ಗಾಯಕನ ಬದುಕಿಗಿಂತ ಒಳ್ಳೆಯ ಸಂದರ್ಭ ದೊರೆಯದು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೋಂಕಾಳಿಮಠ, ಮುಂದೆ ಕುಮಾರ ಗಂಧರ್ವರೆಂದು ಹೆಸರಾದವರು, ಬಾಲ್ಯದಲ್ಲಿ ಬೆರಗು ಹುಟ್ಟಿಸಿದ್ದು ಗ್ರಾಮಫೋನ್ ರಿಕಾರ್ಡುಗಳಲ್ಲಿದ್ದ ದೊಡ್ಡ ಉಸ್ತಾದರ ಹಾಡುಗಳನ್ನು ಹಾಗೆಹಾಗೆಯೇ ಒಪ್ಪಿಸುವ ಶಕ್ತಿಯಿಂದ. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತು ಇಪ್ಪತ್ತರ ಹರೆಯಕ್ಕೆ ಕೀರ್ತಿಯ ಶಿಖರದಲ್ಲಿದ್ದಾಗ ಕ್ಷಯರೋಗ ತಗಲಿ, 1948ರಲ್ಲಿ ಹವೆಗಾಗಿ ಮಾಳವ ಪ್ರಾಂತದ ದೇವಾಸಕ್ಕೆ ಹೋಗಿ, ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿ, ಸುಮಾರು ಐದು ವರ್ಷ ಹಾಡದೆ ಮಲಗಬೇಕಾಯಿತು. ಆ ವರ್ಷಗಳಲ್ಲಿ ಅವರ ಕಿವಿಗೆ ಬಿದ್ದದ್ದು ಮಾಳವದ ಜನಪದರ ಹಾಡು. 1953ರಲ್ಲಿ ಅವರು ಮತ್ತೆ ಕಛೇರಿಗೆ ಕುಳಿತಾಗ ಹೊರಟ ಧ್ವನಿ ಬೇರೆಯಾಗಿತ್ತು: ಉಸಿರು ಹಿಡಿದು ಎಳೆಯುವ ಉದ್ದದ ಆಲಾಪದ ಜಾಗದಲ್ಲಿ ಚಿಕ್ಕ ಚಿಕ್ಕ ತುಣುಕುಗಳು, ನಡುವೆ ಮೌನ, ಥಟ್ಟನೆ ಮೇಲಕ್ಕೆ ಚಿಮ್ಮುವ ಸ್ವರ. ಜನಪದ ಧಾಟಿಗಳಿಂದ ಅವರು ಹೊಸ ರಾಗಗಳನ್ನೇ ಕಂಡುಕೊಂಡು ಅವಕ್ಕೆ 'ಧುನ್ ಉಗಮ ರಾಗ'ಗಳೆಂದು ಹೆಸರಿಟ್ಟರು, ತಮ್ಮ ರಚನೆಗಳನ್ನು 1965ರಲ್ಲಿ 'ಅನೂಪರಾಗವಿಲಾಸ'ವಾಗಿ ಪ್ರಕಟಿಸಿದರು, ಕಬೀರನ ನಿರ್ಗುಣ ಭಜನೆಗಳನ್ನು ಮಾಳವದ ಜೋಗಿಗಳ ಧಾಟಿಯಿಂದ ಎತ್ತಿಕೊಂಡು ಹಾಡಿದರು. ಮೆಚ್ಚಿದವರು ಬಹಳ, ಆದರೆ ಘರಾಣೆಯ ಶಿಸ್ತನ್ನು ಪ್ರೀತಿಸುತ್ತಿದ್ದ ರಸಿಕರೂ ವಿಮರ್ಶಕರೂ ಇದನ್ನು ಸುಲಭವಾಗಿ ಒಪ್ಪಲಿಲ್ಲ, ಉಸಿರಿನ ಕೊರತೆಯನ್ನೇ ಶೈಲಿಯೆಂದು ಸಾರಲಾಗುತ್ತಿದೆ ಎಂಬ ಚುಚ್ಚುಮಾತೂ ಬಂದಿತು.

ಘರಾಣೆಯೇ ಬಂಗಾರವೆಂದರೆ ಈ ಗಾಯಕನು ಬಂಗಾರವನ್ನು ಕಳೆದವನು. ರಾಗವೆಂದರೆ, ಅವರು ರಾಗವನ್ನು ಕಾಯ್ದುಕೊಂಡದ್ದಷ್ಟೇ ಅಲ್ಲ, ಅದು ಹುಟ್ಟುವ ಗಣಿಗೇ ಇಳಿದರು. ಹೆಂಗಸರು, ಮಕ್ಕಳು, ದನಗಾಹಿಗಳು, ಅರಸರು ತಮ್ಮ ತಮ್ಮ ನಾಡಿನಲ್ಲಿ ಒಲಿದು ಹಾಡುವುದನ್ನು ದೇಶಿಯೆಂದು ಕರೆದ 'ಬೃಹದ್ದೇಶಿ'ಯ ಮತಂಗನಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಕಾಣುತ್ತಿರಲಿಲ್ಲ. ಮನೋಧರ್ಮವೆಂದುಕೊಂಡು ಸಂತಾನದ ಅಳತೆಗೋಲನ್ನು ಹಿಡಿದರಂತೂ ಹೆಚ್ಚು ಕುತೂಹಲದ ಸಂಗತಿ ಹೊರಬರುತ್ತದೆ. ಉಸ್ತಾದರ ತಟ್ಟೆಗಳನ್ನು ಅಕ್ಷರಶಃ ಒಪ್ಪಿಸುತ್ತಿದ್ದ ಬಾಲಕನ ಶಕ್ತಿಯೆಂದರೆ ಬಿದ್ದ ಧ್ವನಿಯನ್ನು ಬಿಡದೆ ಹಿಡಿಯುವ ಕಿವಿ. ಹಾಸಿಗೆ ಹಿಡಿದ ಯುವಕನ ಬಳಿ ತಟ್ಟೆಗಳ ಜಾಗದಲ್ಲಿ ಮಾಳವದ ಬೀದಿಯಿತ್ತು, ಕಿವಿ ಅದೇ ಕೆಲಸವನ್ನು ಮಾಡಿತು. ರೋಗವು ಇಲ್ಲಿ ಸಹಕಾರಿ ಕಾರಣ, ಬೀಜ ಮೊಳೆಯಲು ನೀರು ಮಣ್ಣುಗಳಿರುವ ಹಾಗೆ, ಬೀಜವು ಸುಳೇಭಾವಿಯದೇ. ಹೀಗಾಗಿ 1953ರ ಮುಂದಿನ ಧ್ವನಿಯನ್ನು ಹಿಂದಿನದರಿಂದ ಕಡಿದುಹೋದದ್ದೆಂದು ಹೇಳುವ ವಾದ ನಿಲ್ಲುವುದಿಲ್ಲ, ಅದು ಹಿಂದಿನದೇ ಎಂದು ಹೇಳುವ ವಾದವೂ ನಿಲ್ಲುವುದಿಲ್ಲ.

ಮಲ್ಲಿಕಾರ್ಜುನ ಮನಸೂರರದು ಬೇರೊಂದು ಬಗೆಯ ಪರಿವರ್ತನೆ. ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಎಚ್‌ಎಂವಿ ತಟ್ಟೆಗಳಿಂದ ಹೆಸರಾಗಿದ್ದ ಅವರು 1930ರ ದಶಕದಲ್ಲಿ ಜೈಪುರ-ಅತ್ರೌಲಿ ಘರಾಣೆಯ ಮಂಜಿ ಖಾನರಿಗೂ ಅವರ ನಿಧನದ ತರುವಾಯ ಭುರ್ಜಿ ಖಾನರಿಗೂ ಶಿಷ್ಯರಾಗಿ, ಆಗಲೇ ಜನ ಒಪ್ಪಿದ್ದ ಹಾಡಿಕೆಯನ್ನು ತಾವಾಗಿ ಬಿಟ್ಟು ಜೋಡುರಾಗಗಳ ಆ ಬಿಗಿಯಾದ, ಒಂದು ಉಸಿರಿನಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಹೆಣೆಯುವ ದಾರಿಯನ್ನು ಹಿಡಿದರು. ಇಲ್ಲಿ ಬದಲಾವಣೆಗೆ ದೇಹದ ಒತ್ತಾಯವಿರಲಿಲ್ಲ, ಪೇಟೆಯ ಒತ್ತಾಯವೂ ಇರಲಿಲ್ಲ. ಗದಗಿನಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆಯೊಂದನ್ನು ಕೇಳಿ ಆ ಧ್ವನಿಯ ಬೆನ್ನುಹತ್ತಿ ಮನೆಬಿಟ್ಟರೆಂಬುದು ನಾಡಿಗೆ ತಿಳಿದ ಸಂಗತಿ. ಆದರೆ ಅವರ ಕಂಠದಿಂದ ಕಡೆಗೆ ಹೊರಟದ್ದು ಕರೀಂ ಖಾನರ ನವಿರಾದ ದನಿಯಲ್ಲ, ತಾನುಗಳಲ್ಲಿ ಗುಡುಗುವ, ಕಿರಾಣಾ ಘರಾಣೆಯ ನಿಧಾನದ ರಾಗವಿಸ್ತಾರಕ್ಕೆ ಬೇರೆ ಘರಾಣೆಗಳ ಬಲವನ್ನೂ ಕೂಡಿಸಿಕೊಂಡ ಇನ್ನೊಂದೇ ದನಿ.

ಈ ಮೂವರ ಕತೆಯಲ್ಲಿಯೂ ರಿಕಾರ್ಡು ಬರುವುದು ಆಕಸ್ಮಿಕವಲ್ಲ. 1902ರಲ್ಲಿ ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾಗುವವರೆಗೆ ಹಿಂದಿನ ಹಾಡಿಕೆಯನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡುವ ಉಪಾಯವೇ ಇರಲಿಲ್ಲ. ಹಳೆಯದು ನೆನಪಿನಲ್ಲಿ ಮಾತ್ರ ಉಳಿದು, ನೆನಪು ಹೊಸದನ್ನು ಕೇಳುತ್ತ ಕೇಳುತ್ತ ತಾನೂ ತಿದ್ದಿಕೊಳ್ಳುತ್ತಿದ್ದುದರಿಂದ, ಸಣ್ಣ ಬದಲಾವಣೆಗಳು ಯಾರ ಗಮನಕ್ಕೂ ಬಾರದೆ ಪರಂಪರೆಯ ಒಳಗೆ ಸೇರಿಹೋಗುತ್ತಿದ್ದವು. ಮೂರು ಮೂರೂವರೆ ನಿಮಿಷದ ಅರಗಿನ ತಟ್ಟೆಯು ಒಂದು ಸಂಜೆಯ ಉಸಿರನ್ನು ಹಿಡಿದಿಟ್ಟು ಅದನ್ನೇ ಗಾಯಕನ ನಿಜರೂಪವೆಂದು ನಿಲ್ಲಿಸಿತು. ಮೀಮಾಂಸಕನು ತರ್ಕದಿಂದ ಸಾಧಿಸಲು ಹೆಣಗಿದ ನಿತ್ಯಶಬ್ದವನ್ನು ಯಂತ್ರವು ಅಂಗಡಿಯಲ್ಲಿ ಮಾರಿತು, ಅದೂ ಅವನು ಅನಿತ್ಯವೆಂದು ತಳ್ಳಿದ್ದ ನಾದವನ್ನೇ ಸೇರಿಸಿ! ರಸಿಕನ ದೂರಿಗೆ ಇಂದಿರುವ ತೀವ್ರತೆಯ ಬಹುಪಾಲು ಇಲ್ಲಿಂದ ಬಂದದ್ದೆಂದು ಹೇಳಿದರೆ ಅತಿಶಯೋಕ್ತಿಯಾಗದು.

ತಟ್ಟೆಯಿಲ್ಲದ ಕಡೆ ಮರೆವು ಎಷ್ಟು ಬೇಗ ಕೆಲಸ ಮಾಡುತ್ತದೆ ಎಂಬುದಕ್ಕೆ ವಚನಗಾಯನವೇ ಸಾಕ್ಷಿ. ಡಂಬಳ-ಗದಗ ಸೀಮೆಯಲ್ಲಿ ಮಠದ ಶಿವಾನುಭವ ಗೋಷ್ಠಿಯಿಂದ ಮನೆಯ ಕಾರ್ಯಗಳವರೆಗೆ ವಚನವನ್ನು ಪೇಟಿ-ತಬಲಾಗಳ ಜೊತೆಗೆ ಹಿಂದೂಸ್ತಾನಿ ರಾಗದಲ್ಲಿ ಹಾಡುವುದೇ ಅನಾದಿಯಿಂದ ಬಂದ ಪದ್ಧತಿಯೆಂಬ ಭಾವನೆ ಬಲವಾಗಿದೆ. ಯಾರಾದರೂ ಅದಕ್ಕೆ ಕೀಬೋರ್ಡನ್ನೋ ಗಿಟಾರನ್ನೋ ಕೂಡಿಸಿದರೆ ಪರಂಪರೆ ಕೆಟ್ಟಿತೆಂಬ ಕೂಗು ಏಳುತ್ತದೆ. ಶರಣರಲ್ಲಿ ಹಾಡುವುದಕ್ಕೆಂದೇ ಪಲ್ಲವಿಯೊಡನೆ ರಚಿಸಿದ ಸ್ವರವಚನಗಳು ಬೇರೆ, ಗದ್ಯಲಯದ ವಚನಗಳು ಬೇರೆ. ಎರಡನೆಯವು ಓಲೆಗರಿಗಳಿಂದ ಹೊರಬಂದು ಸಾಮಾನ್ಯ ಓದುಗರ ಕೈಗೆ ವ್ಯಾಪಕವಾಗಿ ಸಿಕ್ಕಿದ್ದು ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ತರುವಾಯ. ಪೇಟಿಯೂ, ಎಂದರೆ ಹಾರ್ಮೋನಿಯಂ, ಯುರೋಪಿನಿಂದ ಬಂದ ವಾದ್ಯ, ಶ್ರುತಿಯ ಸೂಕ್ಷ್ಮಗಳನ್ನು ಅದು ಕೆಡಿಸುತ್ತದೆಂದು 1940ರಲ್ಲಿ ಆಕಾಶವಾಣಿಯೇ ಅದನ್ನು ನಿಷೇಧಿಸಿತ್ತು. ಹಿಂದೂಸ್ತಾನಿ ಪದ್ಧತಿಯಾದರೂ ಮುಂಬಯಿ ಪ್ರಾಂತದ ಆಡಳಿತ, ಮರಾಠಿ ನಾಟಕ ಕಂಪನಿಗಳ ಸಂಚಾರ, ಮೈಸೂರಿನ ದರಬಾರಿಗೆ ಹೋಗಿಬರುತ್ತಿದ್ದ ಉಸ್ತಾದರು ದಾರಿಯಲ್ಲಿ ತಂಗುತ್ತಿದ್ದುದು, ಇವುಗಳಿಂದಾಗಿ 19ನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಈ ಸೀಮೆಯಲ್ಲಿ ಬೇರೂರಿದ್ದು.

ಈ ತಿರುವನ್ನು ತಮ್ಮ ಕಂಠದಲ್ಲಿಯೇ ಪಡೆದವರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892-1944). ಹುಟ್ಟುಕುರುಡರಾದ ಅವರು ಮೊದಲು ಕರ್ನಾಟಕ ಸಂಗೀತವನ್ನು, ಆಮೇಲೆ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿಯನ್ನು ಕಲಿತು ಎರಡರಲ್ಲಿಯೂ ಶಿಷ್ಯರನ್ನು ತಯಾರುಮಾಡಿದರು. ಬಸವರಾಜ ರಾಜಗುರುಗಳು ಆ ಸಾಲಿನವರು. ಪುಟ್ಟರಾಜ ಗವಾಯಿಗಳು (1914-2010) ಅದೇ ಆಶ್ರಮವನ್ನು ನಾಟಕ ಕಂಪನಿಯೊಡನೆ ನಡೆಸಿ, ಹಾರ್ಮೋನಿಯಂ, ಪಿಟೀಲು, ತಬಲಾ ಯಾವುದನ್ನೂ ಬಿಡದೆ ಕಲಿಸಿದರು. ರಾಗ ಕಲಿತ ಶಿಷ್ಯರು ರಂಗಗೀತೆಯನ್ನೂ ಹಾಡಿ ಬದುಕಬೇಕಾಗಿದ್ದ ಆ ಸಂಸ್ಥೆಯಲ್ಲಿ ಶುದ್ಧತೆಯ ಪ್ರಶ್ನೆಗೆ ಇದ್ದ ಬಿಡುವು ಕಡಿಮೆ, ಮತ್ತು ಅದು ಒಳ್ಳೆಯದೇ ಆಯಿತು. ಇಂದು ಅನಾದಿಯೆಂದು ಕಾಯ್ದುಕೊಳ್ಳಲಾಗುತ್ತಿರುವ ಧ್ವನಿಯು ನೂರು ವರ್ಷದ ಹಿಂದೆ ಯಾರೋ ಒಬ್ಬ ಹಳೆಯ ಕೇಳುಗನಿಗೆ ಹೊಸತಾಗಿ, ಬಹುಶಃ ಕಿವಿಗೆ ಕಷ್ಟವಾಗಿ ಕೇಳಿಸಿದ್ದಿರಬೇಕು.

ಕೇಳುಗನ ಕಡೆಗೂ ತಿರುಗಿ ನೋಡಬೇಕು, ಏಕೆಂದರೆ ದೂರಿನ ನಾಲ್ಕನೆಯ ಪ್ರತಿಜ್ಞೆ ಅವನನ್ನೇ ಕುರಿತದ್ದು. ರಸಾನುಭವಕ್ಕೆ ಒದಗುವ ಏಳು ವಿಘ್ನಗಳನ್ನು ಅಭಿನವಗುಪ್ತನು ನಾಟ್ಯಶಾಸ್ತ್ರದ ತನ್ನ ವ್ಯಾಖ್ಯಾನದಲ್ಲಿ ಹೇಳುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಎದುರಿಗಿರುವುದರಲ್ಲಿ ಮನಸ್ಸಿಡಲಾರದೆ ಹೋಗುವುದನ್ನೂ ಒಂದು ವಿಘ್ನವೆಂದು ಎಣಿಸುತ್ತಾನೆ. ಇದಕ್ಕೆ ಅವನು ಸೂಚಿಸುವ ಪರಿಹಾರವೇ ಸಂಗೀತ: ವಾದ್ಯ, ಗಾನ ಮೊದಲಾದವು ಮನಸ್ಸನ್ನು ಖಾಸಗಿ ಚಿಂತೆಯಿಂದ ಬಿಡಿಸಿ ಎಲ್ಲರಿಗೂ ಸಮಾನವಾದ ಭಾವದ ನೆಲೆಗೆ ತರುತ್ತವೆ. ಬಹುಕಾಲದ ಅಭಿಮಾನಿಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ ಎಂಬುದನ್ನು ಆಚಾರ್ಯನು ಯೋಚಿಸಿದಂತಿಲ್ಲ. ಅಭಿಮಾನಿಗೆ ಆ ಹಾಡು ತಂದೆಯೊಡನೆ ಕುಳಿತು ಕೇಳಿದ ರಾತ್ರಿ, ಧಾರವಾಡದ ರೇಡಿಯೋ ಕೇಂದ್ರ 1950ರಲ್ಲಿ ಆರಂಭವಾದಾಗಿನ ಸಂಜೆಗಳು, ಕಳೆದುಹೋದ ಒಂದು ಹರೆಯ. ಗಾನವೇ ಅವನನ್ನು ಖಾಸಗಿಯಾದ ಸುಖದುಃಖಗಳಿಗೆ ಎಳೆದೊಯ್ಯುತ್ತದೆ, ಪರಿಹಾರವೇ ವಿಘ್ನವಾಗುತ್ತದೆ. ಆಗ ಅವನು ಬೇಡುವುದು ಮೊದಲಿನ ಸ್ವರವನ್ನೋ ಮೊದಲಿನ ತನ್ನನ್ನೋ ಎಂಬುದು ಅವನಿಗೂ ಸ್ಪಷ್ಟವಿರುವುದಿಲ್ಲ. ಆತ್ಮವು ನಿತ್ಯವೆಂದು ನೈಯಾಯಿಕರು ಸಾಧಿಸಿದ್ದು ಕೂಡ, ಹಿಂದೆ ನೋಡಿದವನೇ ಈಗ ಮುಟ್ಟುತ್ತಿದ್ದೇನೆ ಎಂಬ ಗುರುತಿನ ಬಲದಿಂದಲೇ. ಗಾಯಕನ ಸ್ವರ ಮಾತ್ರ ಹರಿಯಿತು, ತಾನು ಹರಿಯಲಿಲ್ಲ ಎಂಬ ರಸಿಕನ ನಿಲುವು ಅಷ್ಟನ್ನಾದರೂ ಆಧಾರಕ್ಕೆ ಬೇಡುತ್ತದೆ.

ವೀರಶೈವ ಪರಂಪರೆಯಲ್ಲಿ ಬೆಳೆದ ಓದುಗನಿಗೆ ಇಲ್ಲಿ ಸ್ಥಾವರ-ಜಂಗಮಗಳ ಭೇದ ನೆನಪಾಗುವುದು ಸಹಜ: ನಿಂತದ್ದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂಬ ಶರಣರ ನಿಲುವನ್ನು ಹಿಡಿದು, ಹಳೆಯ ಧ್ವನಿಗೆ ಅಂಟಿಕೊಂಡ ಕೇಳುಗನು ಜಂಗಮವನ್ನು ಸ್ಥಾವರ ಮಾಡಲು ಹೊರಟಿದ್ದಾನೆಂದು ತೀರ್ಪು ಕೊಡಬಹುದು. ತೀರ್ಪು ಆಕರ್ಷಕ, ಆದರೆ ಅವಸರದ್ದು. ಚಲನೆಯೆಲ್ಲ ಜಂಗಮವಲ್ಲ, ಪೇಟೆಯ ಬೇಡಿಕೆಗೆ ತಕ್ಕಂತೆ ಮೂರು ತಿಂಗಳಿಗೊಮ್ಮೆ ವಾದ್ಯ ಬದಲಿಸುವ ಮೇಳವು ಅನುಭಾವದ ಅರ್ಥದಲ್ಲಿ ಒಂದು ಹೆಜ್ಜೆಯನ್ನೂ ಇಡದಿರಬಹುದು. ಸ್ಥಾವರವೆಲ್ಲ ಜಡವೂ ಅಲ್ಲ. ಡಂಬಳದ ದೊಡ್ಡಬಸಪ್ಪನ ಗುಡಿಯ ಗರ್ಭಗೃಹದ ಹೊರಗೋಡೆ 24 ಕೋನಗಳ ನಕ್ಷತ್ರವಾಗಿದ್ದು, ಆ ಕೋನಗಳು ಅಡಿಯಿಂದ ಶಿಖರದವರೆಗೆ ಕಡಿಯದೆ ಏರುತ್ತವೆ. ಒಂದು ಚೌಕವನ್ನು ಅದರ ಮಧ್ಯಬಿಂದು ಕದಲದಂತೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಮೂಲೆಗಳಿಂದ ಮೂಡುವ ಆಕೃತಿ ಅದು. ಆ ಕಾಲದ ಬಹುಪಾಲು ಗುಡಿಗಳ ಚೌಕದ ತಲವಿನ್ಯಾಸಕ್ಕೆ ಒಗ್ಗಿದ ಕಣ್ಣಿಗೆ ಇದು ದೊಡ್ಡ ಬದಲಾವಣೆಯಾಗಿಯೇ ಕಂಡಿರಬೇಕು, ಆದರೆ ಚೌಕವಿಲ್ಲದೆ ಅದು ಹುಟ್ಟುತ್ತಿರಲಿಲ್ಲ.

ಹೀಗೆ ನೋಡಿದಾಗ ಬಹುಕಾಲದ ಕೇಳುಗನಿಗೆ ಒಂದು ಅಧಿಕಾರ ದಕ್ಕುತ್ತದೆ, ಇನ್ನೊಂದು ತಪ್ಪುತ್ತದೆ. ಹೊಸದು ಹಳೆಯದರಿಂದ ಹುಟ್ಟಿತೋ ಇಲ್ಲವೋ ಎಂದು ಹೇಳಬಲ್ಲವನು ಎರಡನ್ನೂ ಬಲ್ಲವನೇ ಆದ್ದರಿಂದ, ಆ ಸಾಕ್ಷ್ಯವನ್ನು ನುಡಿಯುವ ಅಧಿಕಾರ ಅವನದು, ಮತ್ತು ಅದು ಹುಟ್ಟಲಿಲ್ಲ, ತಂದು ಕೂಡಿಸಿದ್ದು ಎಂದು ಅವನು ಹೇಳಿದರೆ ಆ ಮಾತಿಗೆ ಬೆಲೆಯಿದೆ. ಹುಟ್ಟಿದೆ ಎಂದು ಕಂಡ ಮೇಲೂ ಅದು ಹುಟ್ಟಬಾರದಿತ್ತು ಎನ್ನುವ ಅಧಿಕಾರ ಅವನಿಗಿಲ್ಲ. ಅಲ್ಲಿ ಅವನು ಕೊಡವನ್ನು ಕಳೆದುಕೊಂಡವನಂತೆ ದುಃಖಿಸಬಹುದಷ್ಟೇ, ಆ ದುಃಖ ನ್ಯಾಯವಾದದ್ದೇ.

ಈ ಚರ್ಚೆಗೆ ಯಾವ ದರ್ಶನವೂ ಪೂರ್ತಿಯಾಗಿ ಉತ್ತರ ಕೊಡದ ಒಂದು ಸಂದರ್ಭ ಉಳಿದಿದೆ. ಕುಮಾರ ಗಂಧರ್ವರನ್ನು ಮೊದಲು ಕೇಳಿದ್ದೇ 1953ರ ನಂತರ ಎಂಬ ಕೇಳುಗರ ಪೀಳಿಗೆಯೊಂದು ಬೆಳೆಯಿತು. ತುಣುಕು ತುಣುಕಾದ, ಮೌನಗಳಿಂದ ಕೂಡಿದ ಆ ಗಾಯನದಿಂದಲೇ ಅವರ ಕಿವಿ ರೂಪುಗೊಂಡದ್ದರಿಂದ, ಗಾಯಕರ ಬಾಲ್ಯದ ಹಳೆಯ ತಟ್ಟೆಗಳನ್ನು ಮುಂದೆ ಕೇಳಿಸಿದಾಗ ಅವರಲ್ಲಿ ಹಲವರಿಗೆ ಆ ನಿರರ್ಗಳವಾದ, ಉಸಿರಿಗೆ ಕೊರತೆಯಿಲ್ಲದ ಹಾಡಿಕೆಯೇ ಇನ್ನೊಬ್ಬರದೆನ್ನಿಸಬಹುದು. ಹಾಡಿದ ಕ್ರಮದಲ್ಲಿ ಅದು ಮೊದಲನೆಯದು, ಕೇಳಿದ ಕ್ರಮದಲ್ಲಿ ಎರಡನೆಯದು. 'ಮೊದಲಿನಂಗ ಇಲ್ಲ' ಎಂಬ ದೂರಿನಲ್ಲಿರುವ ಮೊದಲು ಗಾಯಕನ ಆಯುಷ್ಯಕ್ಕೆ ಸೇರಿದ್ದೋ ಕೇಳುಗನ ಆಯುಷ್ಯಕ್ಕೆ ಸೇರಿದ್ದೋ ಎಂಬುದನ್ನು ಇತ್ಯರ್ಥ ಮಾಡದೆ, ಧ್ವನಿ ಕೆಟ್ಟಿತೋ ಬೆಳೆಯಿತೋ ಎಂಬ ವಾದವನ್ನು ಆರಂಭಿಸುವುದಕ್ಕೂ ಬರುವುದಿಲ್ಲ.